ಚೆನ್ನೈ ಬಲು ದೂರ

ಶನಿವಾರ ಮಧ್ಯಾಹ್ನ 3.10ಕ್ಕೆ ಅಶೋಕಪುರಂ ಠಾಣೆಗೆ ಶವ ಸಾಗಿಸುವ ವ್ಯಾನಿನ ಚಾಲಕ ಲಿಂಗರಾಜು ಏದುಸಿರು ಬಿಡುತ್ತ ಬಂದ.

“ಮೇಡಂ, ನನ್ನ ಗಾಡಿ ಕದ್ಬುಟ್ರು.”

ಇನ್‌ಸ್ಪೆಕ್ಟರ್ ವಾಣಿ ತಲೆ ಎತ್ತಲಿಲ್ಲ. “ಒಳಗೇನಿತ್ತು?”

“ಹೆಣ.”

ಈಗ ತಲೆ ಎತ್ತಿದರು.

ಟೀ ಕುಡಿಯಲು ಹೋದವನು ಕೀ ಗಾಡಿಯಲ್ಲೇ ಬಿಟ್ಟಿದ್ದ. ಹೆಣದ ಗಾಡಿ ಯಾರು ಕದೀತಾರೆ ಎಂಬ ಧೈರ್ಯ. ಕದ್ದರಲ್ಲ! ಹೆಡ್ ಕಾನ್‌ಸ್ಟೆಬಲ್ ಚಾಮಯ್ಯ ದೂರು ಬರೆದುಕೊಂಡು ಎಫ್‌ಐಆರ್ ದಾಖಲಿಸಿದರು.

ಸತ್ತಾಕೆ ಬಸವಮ್ಮ. ವಾಣಿ ಹೋದಾಗ ಆಕೆಯ ಮನೆಯ ಮುಂದೆ ಶಾಮಿಯಾನದ ಕೆಳಗೆ ಜನ ಕೂತಿದ್ದರು. ಮಗ ಮನೋಹರ್ ಮಾತ್ರ ಕುದಿಯುತ್ತಿದ್ದ.

“ಯಾರ ಮೇಲೆ ಅನುಮಾನ?” ವಾಣಿ ಕೇಳಿದರು.

“ಇನ್ಯಾರು, ನನ್ನ ತಂಗಿ ಧರಣಿ. ಮನೆ ಮರ್ಯಾದೆ ಕಳೆದು ಮದ್ವೆಯಾಗಿ ಚೆನ್ನೈ ಸೇರ್ಕೊಂಡು ನಾಲ್ಕು ವರ್ಷ ಆಯ್ತು. ಈಗ ವಿಮಾನದಲ್ಲಿ ಬರ್ತಾಳಂತೆ, ನಾವು ಕಾಯ್ಬೇಕಂತೆ. ಅವ್ಳು ಅವ್ವನ ಮುಖ ನೋಡಕೂಡದು. ನಾಲ್ಕಕ್ಕೆ ಮಣ್ಣು ಅಂದಿದ್ದೆ. ಯಾರನ್ನೋ ಕಳ್ಸಿ ಗಾಡಿ ಕದ್ಸವ್ಳೆ.”

“ನಿಮ್ಮ ತಂದೆ?”

“ಒಳಗೆ ಮಲಗವ್ರೆ.”

ಚಾಮಯ್ಯ ಒಳಗೆ ಇಣುಕಿದರು. ಚಾಪೆ ಖಾಲಿ. ತಂದೆ ಸಿದ್ದಪ್ಪಾಜಿ ಸಿಟಿ ಬಸ್ ಓಡಿಸಿ ನಿವೃತ್ತರಾದವರು.

ಲಿಂಗರಾಜು ತಲೆ ಕೆರೆದುಕೊಂಡ. “ಚೆನ್ನೈಯಿಂದ ಬರೋಕೆ ಎಷ್ಟೊತ್ತು ಅಂತ ಅಜ್ಜ ಕೇಳಿದ್ರು ಮೇಡಂ. ಫೋನಲ್ಲಿ ನೋಡಿ ಹೇಳ್ದೆ. ಮೇಲಿಂದ ನಾನೂರು ಕಿಲೋಮೀಟ್ರೂ ಇಲ್ಲ, ಒಂದು ಗಂಟೆ ಇಪ್ಪತ್ತು ನಿಮಿಷ, ಐದಕ್ಕೆ ಇಳೀತದೆ ಅಂತ. ಅಷ್ಟೇನಾ ಅಂದ್ರು. ಎರಡು ಸಲ.”

4.15. ಮಂಡಕಳ್ಳಿ ವಿಮಾನ ನಿಲ್ದಾಣ. ವ್ಯಾನು ಪಾರ್ಕಿಂಗ್ ಗೆರೆಯೊಳಗೆ ನೆಟ್ಟಗೆ ನಿಂತಿತ್ತು. ಸಿದ್ದಪ್ಪಾಜಿ ಸ್ಟೀರಿಂಗ್ ಹಿಡಿದೇ ಕೂತಿದ್ದರು.

“ನೀವೇ ತಂದಿದ್ದಾ?”

“ನಾನೇ ಕಣವ್ವ.”

ಹಿಂದೆಯೇ ಬೈಕಿನಲ್ಲಿ ಬಂದ ಮನೋಹರ್ ಕೂಗಾಡಿದ. “ಕೀ ಕೊಡ್ಸಿ ಮೇಡಂ. ಹೊತ್ತು ಮುಳುಗೋದ್ರೊಳಗೆ ಮಣ್ಣಾಗ್ಬೇಕು.”

“ಪಂಚನಾಮೆ ಆಗೋವರ್ಗೂ ಗಾಡಿ ಅಲ್ಲಾಡಂಗಿಲ್ಲ,” ಎಂದರು ವಾಣಿ.

ಹತ್ತು ನಿಮಿಷದಲ್ಲಿ ಪಂಚನಾಮೆ ಮುಗಿಸುವ ಚಾಮಯ್ಯ ಅಂದು ಟೈರುಗಳನ್ನೂ ಅಳೆದರು. ಗಾಜಿನ ಗೀರು ಬರೆದರು, ಹೊಡೆದು ಹಾಕಿದರು, ಮತ್ತೆ ಬರೆದರು. ವಾಣಿ ನೋಡಿಯೂ ಅವಸರಪಡಿಸಲಿಲ್ಲ. ಮನೋಹರ್ ಬೈದು ಬೈದು ಸಾಕಾಗಿ ಕಟ್ಟೆಯ ಮೇಲೆ ಕೂತ.

ವಿಮಾನ ಇಳಿಯಿತು. ಧರಣಿ ಓಡುತ್ತ ಬಂದಳು. ಲಿಂಗರಾಜು ಹಿಂದಿನ ಬಾಗಿಲು ತೆರೆದ. ತಾಯಿಯ ಕೆನ್ನೆಗೆ ಕೆನ್ನೆಯಿಟ್ಟು ಅವಳು ಗೋಳೋ ಎಂದು ಅತ್ತಳು. ಮನೋಹರ್ ಆ ಕಡೆ ತಿರುಗಲಿಲ್ಲ. ಸಿದ್ದಪ್ಪಾಜಿ ಕಣ್ಣಲ್ಲಿ ನೀರಿರಲಿಲ್ಲ.

5.40ಕ್ಕೆ ಪಂಚರು ಸಹಿ ಹಾಕಿದರು. ವಾಣಿ ಸಿದ್ದಪ್ಪಾಜಿಯವರನ್ನು ಬಂಧಿಸಿ ಜೀಪಿನಲ್ಲಿ ಕೂರಿಸಿಕೊಂಡರು. ಮೊದಲು ಸ್ಮಶಾನ, ಆಮೇಲೆ ಠಾಣೆ. ವ್ಯಾನು ಮುಂದೆ ಹೋಗುತ್ತಿತ್ತು.

“ಯಾಕಜ್ಜ ಹಿಂಗ್ ಮಾಡಿದ್ರಿ?”

ಮುದುಕ ವ್ಯಾನನ್ನೇ ನೋಡುತ್ತಿದ್ದರು. “ಚೆನ್ನೈ ಎಷ್ಟು ದೂರ, ಒಂದ್ಸಲ ಮಗಳನ್ನ ನೋಡ್ಕಂಡು ಬರಾಣ ಅಂತ ನಾಲ್ಕು ವರ್ಷ ಕೇಳಿದ್ಲು ಇವ್ಳು. ಮಗನಿಗೆ ಹೆದ್ರಿ, ಬಲು ದೂರ ಕಣೆ, ನಿನ್ನ ಕೈಲಾಗಲ್ಲ ಅಂತಿದ್ದೆ. ನಂಬ್ಕೊಂಡ್ಬುಟ್ಲು ಕಣವ್ವ.”