ಅಪ್ಪನ ದನಿ, ಮುನ್ನೂರ ಐವತ್ತು ಕೆಬಿ

ಬೆಳಗ್ಗೆ ಒಂಬತ್ತು ನಲವತ್ತಕ್ಕೆ ಆ ದಿನದ ಮೊದಲ ಇನ್‌ಸ್ಟಾಲ್, ಏಳನೇ ನಂಬರಿನ ಮೆಷೀನಿನದು, ಮುಗಿಯಿತು. ಮೆಷೀನು ಮಾತಾಡಲಿಲ್ಲ.

ಅವಳು ಕೀಬೋರ್ಡ್ ಒರೆಸುವ ಬಟ್ಟೆಯನ್ನು ಕೈಯಲ್ಲೇ ಹಿಡಿದು ಕಾದಳು. ಎಂಟನೆಯದೂ ಮುಗಿಯಿತು. ಅದೂ ಸುಮ್ಮನಿತ್ತು.

‘ಸ್ಪೀಕರ್ ಕೆಟ್ಟಿರಬೇಕು... ಎರಡೂ ಒಟ್ಟಿಗೇ ಕೆಡುತ್ತವಾ?’

ಹಳೇ ಕಂಪ್ಯೂಟರ್‌ಗಳನ್ನು ಸರಿಮಾಡಿ ಶಾಲೆಗಳಿಗೆ ಕಳಿಸುವ ವರ್ಕ್‌ಶಾಪ್ ಅದು. ಉದ್ದನೆಯ ಹಾಲ್‌ನ ಒಂದು ತುದಿಯಲ್ಲಿ ಇಪ್ಪತ್ತು ಮೆಷೀನುಗಳ ಸಾಲು, ಇನ್ನೊಂದು ತುದಿಯಲ್ಲಿ ಅವಳ ಮೇಜು. ಏಳು ತಿಂಗಳ ಹಿಂದಿನವರೆಗೆ ಆ ಸಾಲು ಅವಳ ಅಪ್ಪನದು. ಮಂಡಿ ನೋವಿನ ಅಪ್ಪ ಪ್ರತಿ ಸಲ ಅಷ್ಟು ದೂರ ನಡೆದು ಬಂದು ಮಗಳನ್ನು ಕರೆಯಲಾರರು. ಅದಕ್ಕೇ ಇನ್‌ಸ್ಟಾಲ್ ಇಮೇಜಿನಲ್ಲಿ, ಅಂದರೆ ಎಲ್ಲ ಮೆಷೀನುಗಳಿಗೂ ಸಿಸ್ಟಮ್ ತುಂಬುವ ಆ ಒಂದೇ ಫೈಲಿನಲ್ಲಿ, ತಮ್ಮ ದನಿಯನ್ನೂ ಸೇರಿಸಿಟ್ಟಿದ್ದರು. ಕೆಲಸ ಪೂರ್ತಿಯಾದ ಕೂಡಲೇ ಮೆಷೀನೇ ಕೂಗುತ್ತಿತ್ತು:

“ಮುಗೀತು ಕಣೇ, ಬಂದು ನೋಡು!”

ನಾಲ್ಕು ಸೆಕೆಂಡ್. ಒಂದೇ ಸಲ ಕೂಗಿ ಆ ಫೈಲು ಅಳಿಸಿಹೋಗುತ್ತಿತ್ತು. ಮಕ್ಕಳ ಕೈಗೆ ಹೋಗುವ ಮೆಷೀನಿನಲ್ಲಿ ನಮ್ಮ ಕಸ ಇರಬಾರದು ಎಂಬುದು ಅಪ್ಪನ ಶಿಸ್ತು.

ಅಪ್ಪ ಹೋದ ಮೇಲೂ ಆ ದನಿ ದಿನಕ್ಕೆ ಹತ್ತು ಹನ್ನೆರಡು ಸಲ ಅವಳನ್ನು ಕರೆಯುತ್ತಿತ್ತು. ಮನೆಯಲ್ಲಿ ಅಪ್ಪನ ಫೋಟೋ ಹನ್ನೆರಡಿವೆ, ದನಿ ಒಂದೂ ಇಲ್ಲ. ಕಾಪಿ ಮಾಡಿಕೊಳ್ಳಬಹುದಿತ್ತು. ಮಾಡಿಕೊಂಡರೆ ಅಪ್ಪ ಇಲ್ಲವೆಂದು ಒಪ್ಪಿಕೊಂಡ ಹಾಗೆ... ಅದಕ್ಕೇ ಮಾಡಿರಲಿಲ್ಲ.

ಮೆಟ್ಟಿಲು ಹತ್ತಿ ಗಾಜಿನ ರೂಮಿನ ಬಾಗಿಲು ತಳ್ಳಿದಳು.

ಒಳಗೆ ಕತ್ತರಿ ಕೂತಿದ್ದ. ಬಂದು ಎರಡು ತಿಂಗಳಾದ ಟೆಕ್ನಿಷಿಯನ್. ಯಾವ ಸಿಸ್ಟಮ್ ಕೊಟ್ಟರೂ ಬೇಡದ್ದನ್ನು ಕತ್ತರಿಸಿ ಹಗುರ ಮಾಡುತ್ತಾನೆಂದು ಆ ಹೆಸರು. ಕೆಳಗಿನ ಸದ್ದು ಆ ರೂಮಿಗೆ ಕೇಳುವುದಿಲ್ಲ. ಟೀ ಹೊತ್ತಿಗೆ ಮಾತ್ರ ಇಳಿದು ಬರುತ್ತಿದ್ದ. ಅವಳು ಬರುವುದು ತಡವಾದರೆ ಅವಳ ಲೋಟದ ಮೇಲೆ ತಟ್ಟೆ ಮುಚ್ಚಿಡುತ್ತಿದ್ದ. ನಿನ್ನೆ ಸಂಜೆ ತಡವರಿಸುತ್ತಾ ಕೇಳಿದ್ದ: “ಭಾನುವಾರ ನಮ್ಮಮ್ಮನ್ನ ನೋಡೋಕೆ ಬರ್ತೀರಾ?”

‘ಬರ್ತೀನಿ’ ಅನ್ನುವುದನ್ನು ಇವತ್ತು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಹೇಳಿಕೊಂಡು ಬಂದಿದ್ದಳು.

ಅವಳನ್ನು ನೋಡಿ ಅವನ ಮುಖ ಅರಳಿತು. “ನೋಡಿದ್ರಾ ಹೊಸ ಇಮೇಜು? ಐದು ಜಿಬಿ ಇದ್ದದ್ದನ್ನ ಮೂರಕ್ಕೆ ಇಳಿಸಿದೀನಿ! ಒಂದೊಂದು ಮೆಷೀನಿಗೂ ಇಪ್ಪತ್ತು ನಿಮಿಷ ಉಳಿಯುತ್ತೆ.”

ಅವಳ ಕಣ್ಣು ಮೇಜಿನ ಮೇಲಿನ ಹಾಳೆಗೆ ಬಿತ್ತು. ‘ಬೇಡದ್ದು’ ಎಂದು ತಲೆಬರಹ. ಆಟಗಳು, ಹವಾಮಾನ, ಸುದ್ದಿ, ಹತ್ತಾರು ಭಾಷೆಗಳು. ಮೂವತ್ತೊಂದನೇ ಸಾಲು: ‘ಯಾರದೋ ದನಿ. ಬೇಡ.’

“ಹಳೇ ಇಮೇಜು ಎಲ್ಲಿದೆ?”

“ಅದರ ಮೇಲೇ ಇದನ್ನ ಬರ್ದೆ. ಯಾಕ್ರೀ? ಏನಾಯ್ತು?”

“ಇಮೇಜಿದ್ದ ಎರಡೂ ಪೆನ್‌ಡ್ರೈವ್‌ಗೂ?”

“ಎರಡಕ್ಕೂ...”

ಕೆಲಸ ಬಲ್ಲವರು ಹಳೆಯದರ ಒಂದು ಕಾಪಿ ಇಟ್ಟುಕೊಳ್ಳುತ್ತಾರೆ. ಅವನು ಇಟ್ಟುಕೊಂಡಿರಲಿಲ್ಲ.

“ಅದು ಯಾರದೋ ದನಿ ಅಲ್ಲ,” ಎಂದಳು. “ನಮ್ಮಪ್ಪಂದು. ಬರೀ ಮುನ್ನೂರ ಐವತ್ತು ಕೆಬಿ. ನಿಮ್ಮ ಮೂರು ಜಿಬಿಯಲ್ಲಿ ಅಷ್ಟೂ ಜಾಗ ಇರಲಿಲ್ವಾ?”

ಅವನು ತಟ್ಟನೆ ಎದ್ದು ನಿಂತ. “ನಂಗೆ ಗೊತ್ತಿರಲಿಲ್ಲ... ಯಾರೂ ಹೇಳಲಿಲ್ಲ...”

ನಿಜ. ಅವಳೂ ಹೇಳಿರಲಿಲ್ಲ. ಅಪ್ಪನ ವಿಷಯ ಅವಳೆದುರು ಯಾರೂ ಎತ್ತುತ್ತಿರಲಿಲ್ಲ. ಆದರೆ ಆ ಗಳಿಗೆಯಲ್ಲಿ ನ್ಯಾಯ ನೋಡುವ ಮನಸ್ಸು ಅವಳಿಗಿರಲಿಲ್ಲ.

“ಅಳಿಸೋಕೆ ಮುಂಚೆ ಕೇಳಿ ನೋಡಿದ್ರಲ್ಲ! ಒಬ್ಬ ಮನುಷ್ಯ ಅಷ್ಟು ಪ್ರೀತಿಯಿಂದ ಕರೀತಿದ್ರೆ, ಯಾರನ್ನ ಅಂತ ವಿಚಾರಿಸಬೇಕು ಅನ್ನಿಸಲಿಲ್ವಾ? ಭಾನುವಾರ ನಾನು ಬರಲ್ಲ. ಯಾವ ಭಾನುವಾರವೂ ಬರಲ್ಲ.”

ಬಾಗಿಲು ಬಡಿದುಕೊಂಡಿತು.

ಆಮೇಲೆ ಹಾಲ್‌ನಲ್ಲಿ ಮೆಷೀನುಗಳು ಸದ್ದಿಲ್ಲದೆ ಮುಗಿಯತೊಡಗಿದವು. ಯಾವುದು ಮುಗಿಯಿತೆಂದು ಅವಳೇ ಎದ್ದೆದ್ದು ಹೋಗಿ ನೋಡಬೇಕಿತ್ತು. ಟೀ ಲೋಟದ ಮೇಲೆ ತಟ್ಟೆ ಮಾತ್ರ ತಪ್ಪದೆ ಇರುತ್ತಿತ್ತು. ಮುಚ್ಚಿದವನು ಅಲ್ಲಿರುತ್ತಿರಲಿಲ್ಲ.

ಹದಿನೆಂಟನೇ ದಿನ, ಮೆಷೀನುಗಳನ್ನು ಪ್ಯಾಕ್ ಮಾಡುವ ಡಬ್ಬಣ್ಣ ಅವಳ ಮೇಜಿಗೆ ಒರಗಿ ನಿಂತ.

“ಅಮ್ಮಾ ತಾಯಿ, ನಿನ್ನ ಕತ್ತರಿ ತುಕ್ಕು ಹಿಡೀತಿದೆ, ನೋಡಿದ್ಯಾ?”

“ನನ್ನ ಕತ್ತರಿ ಯಾಕಾಗುತ್ತೆ?”

“ಸರಿ, ಊರ ಕತ್ತರಿ ಅನ್ಕೋ. ದಿನಾ ಊಟದ ಹೊತ್ತಲ್ಲಿ ಗುಜರಿ ರೂಮಲ್ಲಿ ಬಿದ್ದಿರ್ತಾನೆ. ಅರವತ್ತೊಂದು ಸತ್ತ ಮೆಷೀನು, ಒಂದೊಂದರ ಡಿಸ್ಕೂ ಬಿಚ್ಚಿ ನೋಡ್ತಾನೆ. ಊಟ ಮಾಡೋ ಮಾರಾಯ ಅಂದ್ರೆ, ಇನ್ನೊಂದೇ ಒಂದು ಅಣ್ಣಾ ಅಂತಾನೆ. ಹದಿನೆಂಟು ದಿನದಿಂದ ಅದೇ ಇನ್ನೊಂದೇ ಒಂದು!”

“ಏನು ಹುಡುಕ್ತಿದ್ದಾರೆ?”

ಡಬ್ಬಣ್ಣನ ನಗು ಇಳಿಯಿತು. “ನಿಮ್ಮಪ್ಪನ್ನ ಕಣಮ್ಮ.”

ಅವಳು ಬಟ್ಟೆಯಿಂದ ಕೀಬೋರ್ಡಿನ ಒಂದೇ ಕೀಯನ್ನು ಎಷ್ಟೋ ಹೊತ್ತು ಒರೆಸಿದಳು.

ಮರುದಿನ ಮಧ್ಯಾಹ್ನ ಗುಜರಿ ರೂಮಿಗೆ ತಾನೇ ಹೋದಳು. ಬಿಚ್ಚಿದ ಮೆಷೀನುಗಳ ನಡುವೆ ಅವನು ನೆಲದ ಮೇಲೆ ಕೂತಿದ್ದ. ಸೊರಗಿದ್ದ. ಪಕ್ಕದಲ್ಲಿ ತೆರೆಯದ ಊಟದ ಡಬ್ಬಿ.

ಅವಳನ್ನು ಕಂಡು ಗಡಬಡಿಸಿ ಎದ್ದ. “ನಾನೇ ಬರೋನಿದ್ದೆ... ಸಿಕ್ತು. ಆದ್ರೆ...”

“ಆದ್ರೆ?”

“ಮುಗಿದ ಮೆಷೀನಲ್ಲಿ ಆ ಫೈಲ್ ಇರಲ್ಲ, ಕೂಗಿ ಅಳಿಸಿಹೋಗಿರುತ್ತೆ. ಇನ್‌ಸ್ಟಾಲ್ ಅರ್ಧಕ್ಕೆ ನಿಂತದ್ದು ಒಂದಾದ್ರೂ ಇರಬೇಕು ಅಂತ ಹುಡುಕಿದೆ. ಐವತ್ತೆಂಟನೇದು. ಡಿಸ್ಕ್ ಕೆಟ್ಟಿದ್ದಕ್ಕೇ ನಿಂತಿದೆ. ಅದಕ್ಕೇ ದನೀನೂ ಪೂರ್ತಿ ಉಳಿದಿಲ್ಲ. ಶುರುವಿನ ಭಾಗ ಬರಲೇ ಇಲ್ಲ. ಏಳು ಸಲ ಪ್ರಯತ್ನಪಟ್ಟೆ.” ಅವನು ತಲೆ ತಗ್ಗಿಸಿದ. “ಪೂರ್ತಿ ತಂದುಕೊಡೋಕೆ ಆಗಲಿಲ್ಲ. ಕ್ಷಮಿಸಿ.”

“ಹಾಕಿ.”

ಮೊದಲು ಗರಗರ ಸದ್ದು. ಆಮೇಲೆ ಆ ಧೂಳಿನ ರೂಮಿನಲ್ಲಿ ಅಪ್ಪ ಕರೆದರು.

“...ಕಣೇ, ಬಂದು ನೋಡು!”

ಅವಳು ಗೋಡೆಗೆ ಒರಗಿ ಹಾಗೇ ನೆಲಕ್ಕೆ ಕುಸಿದಳು. ಏಳು ತಿಂಗಳಿಂದ ಯಾರೆದುರೂ ಅತ್ತಿರಲಿಲ್ಲ. ಈಗ ಬಿಕ್ಕಿ ಬಿಕ್ಕಿ ಅತ್ತಳು. ಅವನು ಒಂದು ಕೈಯಳತೆಯ ದೂರದಲ್ಲಿ ಕೂತ, ಅಷ್ಟೆ.

ಅಳು ನಿಂತ ಮೇಲೆ ಅವಳೇ ಹೇಳಿದಳು, “‘ಮುಗೀತು’ ಅನ್ನೋದು ಹೋಯ್ತು.”

“ಹ್ಞೂಂ... ಅದೊಂದು ಹೋಯ್ತು.”

“ಹೋಗ್ಲಿ ಬಿಡಿ.” ಕಣ್ಣೊರೆಸಿಕೊಂಡಳು. “ಆ ಮಾತು ನಂಗೂ ಬೇಕಿರಲಿಲ್ಲ.”

ಅವನು ಜೇಬಿನಿಂದ ಮಡಿಸಿದ ಹಾಳೆ ತೆಗೆದುಕೊಟ್ಟ. ತಲೆಬರಹ: ‘ಮುಟ್ಟಬಾರದ್ದು’. ಕೆಳಗೆ ಎರಡೇ ಸಾಲು. ಒಂದು, ‘ಅವರ ಅಪ್ಪನ ದನಿ’. ಎರಡನೆಯದನ್ನು ಬರೆದು ಹೊಡೆದುಹಾಕಿದ್ದ.

“ಇದೇನು ಹೊಡೆದಿರೋದು?”

“ಭಾನುವಾರ ಅಂತ ಬರೆದಿದ್ದೆ. ಆಮೇಲೆ... ನೀವು ಯಾವ ಭಾನುವಾರವೂ ಇಲ್ಲ ಅಂದಿದ್ರಿ. ಅದು ನನ್ನ ಪಟ್ಟಿಯಲ್ಲಿರೋದು ಸರಿಯಲ್ಲ ಅನ್ನಿಸ್ತು.”

ಅವಳು ಅವನ ಕಿವಿಯ ಹಿಂದಿನ ಪೆನ್ನು ತೆಗೆದು, ಹೊಡೆದ ಸಾಲಿನ ಪಕ್ಕದಲ್ಲೇ ಅದೇ ಮಾತನ್ನು ಮತ್ತೆ ಬರೆದಳು.

“ನಿಮಗೆ ಕತ್ತರಿಸೋದು ಜಾಸ್ತಿಯಾಯ್ತು.”

“ನಿಜಾನಾ?” ಅವನಿಗೆ ನಂಬಲಾಗಲಿಲ್ಲ. “ಬರ್ತೀರಾ?”

“ಬರ್ತೀನಿ. ಮೊದಲು ಊಟ ಮಾಡಿ. ನಿಮ್ಮಮ್ಮ ಈ ಮುಖ ನೋಡಿದ್ರೆ ನನ್ನನ್ನೇ ಬೈತಾರೆ.”

ಅವನು ಡಬ್ಬಿ ತೆರೆದ. ಮುಚ್ಚಳದಲ್ಲಿ ಅರ್ಧ ಹಾಕಿ ಅವಳ ಕಡೆ ಸರಿಸಿದ.

ಸೋಮವಾರ ವರ್ಕ್‌ಶಾಪ್‌ನಲ್ಲಿ ಅಪ್ಪನ ಆ ದನಿ ಸೇರಿಸಿದ ಇನ್ನೊಂದು ಹೊಸ ಇಮೇಜು ಬಳಕೆಗೆ ಬಂತು. ಅದರ ಕಾಪಿಗಳು ಮೂರು. ಒಂದು ಅವಳ ಮನೆಯಲ್ಲಿದೆ. ಆ ದಿನ ಹನ್ನೊಂದು ಮೆಷೀನುಗಳು ಮುಗಿದವು. ಹನ್ನೊಂದು ಸಲವೂ ಅವಳು ಎದ್ದು ಹೋಗಿ ನೋಡಿದಳು.