ಓಟು ಹಾಕಿ ಸತ್ತವನು

ನೆನೆಸಿದ ಅವರೆಕಾಳನ್ನು ಹಿತುಕುತ್ತ ಕೂತಿದ್ದಾಗ ಮುನಿರಾಜು ನೋಟೀಸು ತಂದ. ಅಕ್ಕಯ್ಯಮ್ಮ ಕೈ ನಿಲ್ಲಿಸಲಿಲ್ಲ. ಎರಡು ಬೆರಳ ನಡುವೆ ಒತ್ತಿದರೆ ಬೇಳೆ ತಟ್ಟನೆ ಪಾತ್ರೆಗೆ ಜಾರುತ್ತಿತ್ತು, ಸಿಪ್ಪೆ ಬೆರಳಿಗೆ ಅಂಟುತ್ತಿತ್ತು. ಅದನ್ನು ಮೊರದ ಅಂಚಿಗೆ ಒರೆಸಿ ಇನ್ನೊಂದು ಕಾಳು ತೆಗೆದುಕೊಳ್ಳುತ್ತಿದ್ದಳು.

"ಓದು," ಅಂದಳು.

"ನೀವೇ ಓದ್ಕೊಳ್ಳಿ ದೊಡ್ಡಮ್ಮ. ಮಹಿಳಾ ಸಮಾಜಕ್ಕೆ ಹೋಗಿ ಪಂಡಿತರಾಗಿದೀರಲ್ಲ."

"ಕೈ ಒದ್ದೆ ಕಣೋ."

ಮುನಿರಾಜು ಅವಳ ಮೈದುನನ ಮಗ. ಬಾಗಿಲಿಗೆ ಒರಗಿ ನಿಂತು, ಸರ್ಕಾರದ ಕನ್ನಡವನ್ನು ಕಲ್ಲು ಆರಿಸುವ ಹಾಗೆ ಒಂದೊಂದಾಗಿ ಓದಿದ. ಮಾಗಡಿ ರಸ್ತೆಯ ಮಗ್ಗುಲಲ್ಲಿ, ಕಾಮಾಕ್ಷಿಪಾಳ್ಯದ ಹತ್ತಿರ ಇರುವ ಹೊಲವನ್ನೂ ಹೊಲದೊಳಗಿನ ಮನೆಯನ್ನೂ ಹೊಸ ಬಡಾವಣೆಗೆ ತೆಗೆದುಕೊಳ್ಳಲಾಗುವುದು. ಯುಗಾದಿಯೊಳಗೆ ಜಾಗ ಬಿಡತಕ್ಕದ್ದು. ಬದಲಿಗೆ ಮಾಲೀಕನಿಗೆ ಬಡಾವಣೆಯಲ್ಲಿ ಮನೆ ಕಟ್ಟಿಕೊಳ್ಳಲು ಒಂದು ಸೈಟು. ಮಾಲೀಕ ಚಿಕ್ಕಣ್ಣ ಬಿನ್ ಹನುಮಯ್ಯ ಜನವರಿ ಹದಿನೆಂಟರಂದು ಖುದ್ದು ಹಾಜರಾಗಿ ರುಜು ಹಾಕತಕ್ಕದ್ದು. ಮೃತನಾಗಿದ್ದರೆ ವಾರಸುದಾರರು ಹಾಜರಾಗತಕ್ಕದ್ದು.

"ದೊಡ್ಡಪ್ಪ ಖುದ್ದು ಬರ್ಬೇಕಂತೆ," ಅಂದ ಮುನಿರಾಜು. "ಅವರು ಹಡಗು ಹತ್ತಿ ಬರೋಷ್ಟರಲ್ಲಿ ಇಲ್ಲಿ ಮಹಡಿಮನೆ ಎದ್ದಿರ್ತವೆ."

"ಅದರಲ್ಲಿ ನನ್ನ ಹೆಸರಿದೆಯಾ?"

ಅವನು ಹಾಳೆ ತಿರುಗಿಸಿ ಹಿಂದೆಯೂ ನೋಡಿದ. "ಇಲ್ಲ ದೊಡ್ಡಮ್ಮ."

ಅವನು ಹೋದಮೇಲೂ ಕಾಳು ಮುಗಿಯುವವರೆಗೆ ಹಿತುಕಿದಳು. ಆಮೇಲೆ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ನೋಟೀಸನ್ನು ತಾನೇ ಓದಿದಳು. ಒಂದೇ ಒಂದು ಮಾತು ಅವಳ ಪರವಾಗಿತ್ತು. ಮೃತನಾಗಿದ್ದರೆ.

ಚಿಕ್ಕಣ್ಣ ಹೋದದ್ದು ದಿಲ್ಲಿ ದರ್ಬಾರಿನ ವರ್ಷ. ಅವಳಿಗೆ ಹದಿಮೂರು, ಅವನಿಗೆ ಇಪ್ಪತ್ತು. ಬ್ಯಾಡರಹಳ್ಳಿಯ ಗೆಳೆಯ ದೊಡ್ಡಹನುಮಯ್ಯನ ಜೊತೆ ಮದರಾಸಿಗೆ ಹೋಗಿ, ಕರಾರಿನ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ, ಟ್ರಿನಿಡಾಡ್ ಎಂಬ ದ್ವೀಪದ ಕಬ್ಬಿನ ತೋಟಕ್ಕೆ ಹಡಗು ಹತ್ತಿದ. ಐದು ವರ್ಷ ಅಂದಿದ್ದ. ಮಾವ ಸಾಯುವಾಗ ಹೊಲವನ್ನು ಹಿರಿಮಗನ ಹೆಸರಿಗೇ ಬಿಟ್ಟುಹೋದ; ಹೆಸರು ಅವನದಾಯಿತು, ಉಳುವುದು ಬಿತ್ತುವುದು ಕಳೆ ಕೀಳುವುದು ಇವಳದಾಯಿತು. ನಲವತ್ತೈದು ವರ್ಷ ಅವಳು ಪ್ರತಿ ಬೆಳಿಗ್ಗೆ ಹಣೆಗೆ ಕುಂಕುಮ ಇಟ್ಟುಕೊಂಡು ಆ ಹೊಲಕ್ಕೆ ಇಳಿದಿದ್ದಳು.

ಅಷ್ಟು ವರ್ಷದಲ್ಲಿ ಬಂದದ್ದು ನಾಲ್ಕು ಕಾಗದ. ಚಿಕ್ಕಣ್ಣ ಹೇಳುತ್ತಿದ್ದ, ದೊಡ್ಡಹನುಮಯ್ಯ ಕನ್ನಡದಲ್ಲಿ ಬರೆಯುತ್ತಿದ್ದ. ಮೊದಲನೆಯದರಲ್ಲಿ ಕರಾರಿನ ಪದ್ಧತಿಯೇ ರದ್ದಾಯಿತು, ಇನ್ನು ಇಲ್ಲಿ ಯಾರೂ ಯಾರ ಜೀತದಾಳೂ ಅಲ್ಲ ಎಂದಿತ್ತು. ಸರಿ, ಇನ್ನು ಬರುತ್ತಾನೆ ಅಂದುಕೊಂಡಳು. ಐದು ವರ್ಷ ಬಿಟ್ಟು ಬಂದ ಎರಡನೆಯದರಲ್ಲಿ ದ್ವೀಪದ ಸಭೆಗೆ ಮೊದಲ ಸಲ ಓಟು ನಡೆದ ಸುದ್ದಿ: ಆಸ್ತಿ ಇದ್ದವರಿಗೆ ಮಾತ್ರ ಓಟು, ನಮ್ಮಂಥವರು ಬೇಲಿಯಾಚೆ ನಿಂತು ನೋಡಿದೆವು, ಸಭೆಯ ಮಿಕ್ಕ ಸದಸ್ಯರನ್ನು ಗೌರ್ನರೇ ನೇಮಿಸುತ್ತಾನೆ. ಮೂರನೆಯದರಲ್ಲಿ ಎಣ್ಣೆ ಬಾವಿಯ ಕೂಲಿಗಳ ಮುಷ್ಕರ, ಗುಂಡೇಟು. ನಾಲ್ಕನೆಯದು ನಮಗೆ ಸ್ವರಾಜ್ಯ ಬರುವ ಹಿಂದಿನ ವರ್ಷ ಬಂತು. ಇಪ್ಪತ್ತೊಂದು ತುಂಬಿದ ಎಲ್ಲರಿಗೂ ಓಟು ಬಂದಿದೆ, ಹೆಂಗಸರಿಗೂ. ಇಂಗ್ಲಿಷು ತಿಳಿದವರಿಗೆ ಮಾತ್ರ ಅಂತ ಮೊದಲು ಹೇಳಿದ್ದರು, ನಮ್ಮವರು ಗಲಾಟೆ ಮಾಡಿದ ಮೇಲೆ ಬಿಟ್ಟರು. ನಾನೂ ಹಾಕಿದೆ. ಗೌರ್ನರು ಇನ್ನೂ ಇದ್ದಾನೆ, ಬಹಳ ಕಾಲ ಇರುವುದಿಲ್ಲ.

ನಾಲ್ಕೂ ಕಾಗದದ ನೆತ್ತಿಯಲ್ಲಿ 'ಅಕ್ಕಯ್ಯಗೆ ತಿಳಿಸುವುದೇನೆಂದರೆ' ಎಂದಿತ್ತು. ನೀನು ಹೇಗಿದ್ದೀಯ ಎಂದು ಒಂದರಲ್ಲೂ ಇರಲಿಲ್ಲ.

ಮೊದಲೆಲ್ಲ ಅವನ್ನು ಪಟೇಲರ ಮನೆಯಲ್ಲಿ ಓದಿಸಿಕೊಂಡು ಬರುತ್ತಿದ್ದಳು; ಅವರು ಅವಸರದಲ್ಲಿ ಏನೋ ಬಿಟ್ಟಿರಬೇಕು ಎಂಬ ಆಸೆ ಇತ್ತು. ಐವತ್ತೆರಡನೆಯ ವಯಸ್ಸಿನಲ್ಲಿ ಮಹಿಳಾ ಸಮಾಜದ ಮಧ್ಯಾಹ್ನದ ತರಗತಿಗೆ ಸೇರಿ, ಯಶೋದಮ್ಮ ಟೀಚರ ಕೈಯಲ್ಲಿ ಅಕ್ಷರ ಕಲಿತು, ಎಲ್ಲಕ್ಕಿಂತ ಮೊದಲು ಓದಿದ್ದು ಆ ನಾಲ್ಕನ್ನೇ. ಪಟೇಲರು ಏನನ್ನೂ ಬಿಟ್ಟಿರಲಿಲ್ಲ. ಅವತ್ತಿನಿಂದ ಅವಳಿಗೆ ಅಳು ಬಂದದ್ದಿಲ್ಲ, ಸಿಟ್ಟೂ ಬಂದದ್ದಿಲ್ಲ. ಚಳಿಗೆ ಮರಗಟ್ಟಿದ ಬೆರಳಿನಂತೆ ಒಳಗೆ ಏನೋ ಇತ್ತು, ಕೆಲಸಕ್ಕೆ ಅಡ್ಡಿ ಬರುತ್ತಿರಲಿಲ್ಲ.

ಅವನನ್ನು ಸಾಯಿಸುವುದು ಎಂದು ನಿಶ್ಚಯಿಸಿದಾಗಲೂ ಅದು ಅಡ್ಡಿ ಬರಲಿಲ್ಲ. ನಿಜಕ್ಕೂ ಅವನು ಇದ್ದಾನೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ, ಅದು ಬೇಕಾಗಿಯೂ ಇರಲಿಲ್ಲ. ಬೇಕಾದದ್ದು ಒಂದು ಕಾಗದ. ಸರ್ಕಾರ ಬಾಯಿಮಾತು ಕೇಳುವುದಿಲ್ಲ, ಬರೆದದ್ದನ್ನು ಕೇಳುತ್ತದೆ. ಆರು ವರ್ಷದ ಓದು ಅವಳಿಗೆ ಕಲಿಸಿದ್ದು ಇದನ್ನೇ. ಲಾಯರ ಹತ್ತಿರ ಹೋಗಲಿಲ್ಲ. ಕೇಳಿದರೆ ಕೇಳಿದ್ದು ಒಬ್ಬರ ತಲೆಯಲ್ಲಿ ಉಳಿಯುತ್ತದೆ.

ಕಾಗದ ದೊಡ್ಡಹನುಮಯ್ಯನದಾಗಬೇಕು. ಅವಳ ಅಕ್ಷರ ಟೀಚರು ಕಲಿಸಿದ್ದು, ದುಂಡಗೆ ಕೂತಿರುತ್ತಿತ್ತು. ಅವನದು ಬಲಕ್ಕೆ ವಾಲಿಕೊಂಡು ಓಡುತ್ತಿತ್ತು. ಹದಿನೈದು ದಿನ, ಊಟವಾದ ಮೇಲೆ ಬಾಗಿಲ ಬೆಳಕಿನಲ್ಲಿ ಕೂತು, ಅವನ ಕಾಗದದ ಮೇಲೆ ತೆಳು ಹಾಳೆ ಇಟ್ಟು ತಿದ್ದಿದಳು. ತಿದ್ದಿದ ಹಾಳೆಯನ್ನೆಲ್ಲ ನೀರೊಲೆಗೆ ಹಾಕಿದಳು. ಹದಿನಾರನೆಯ ದಿನ ಕೆಳಗಿನ ಕಾಗದ ತೆಗೆದಿಟ್ಟಳು. ಅಕ್ಷರ ತಾನೇ ವಾಲಿತು.

ಆಮೇಲೆ ಲಕೋಟೆ. ಹತ್ತು ವರ್ಷದ ಹಿಂದಿನ ಲಕೋಟೆ ಮಾಸಿತ್ತು, ಆದರೆ ಮೂರು ಸಮುದ್ರ ದಾಟಿ ಬಂದದ್ದು ಮಾಸಿರುವುದೇ ಸರಿ. ತೊಡಕಿದ್ದದ್ದು ಸ್ಟ್ಯಾಂಪಿನಲ್ಲಿ. ಅದರ ಮೇಲೆ ರಾಜನ ಮುಖ. ರಾಜ ಸತ್ತು ರಾಣಿ ಬಂದು ನಾಲ್ಕೈದು ವರ್ಷವಾಯಿತು ಎಂಬುದನ್ನು ಅವಳು ಸಮಾಜದ ಪತ್ರಿಕೆಯಲ್ಲಿ ಓದಿ ಬಲ್ಲಳು. ಬೇರೆಯವಳಾಗಿದ್ದರೆ ಇಲ್ಲೇ ಸಿಕ್ಕಿಬೀಳುತ್ತಿದ್ದಳು. ಅಕ್ಕಯ್ಯಮ್ಮ ಸ್ಟ್ಯಾಂಪಿದ್ದ ಮೂಲೆಯನ್ನು ಮುದ್ರೆಯ ಸಮೇತ ಒಡ್ಡೊಡ್ಡಾಗಿ ಹರಿದಳು. ಹೊರದೇಶದ ಸ್ಟ್ಯಾಂಪು ಕಂಡರೆ ಯಾರಾದರೂ ಕಿತ್ತುಕೊಂಡೇ ಕೊಳ್ಳುತ್ತಾರೆ, ಎಲ್ಲರ ಮನೆಯ ಲಕೋಟೆಗೂ ಅದೇ ಗತಿ.

ಟಪಾಲಿನ ಮುನಿಯಣ್ಣ ಈ ದಾರಿಗೆ ಬಂದ ಪ್ರತಿ ಲಕೋಟೆಯನ್ನೂ ನೆನಪಿಟ್ಟುಕೊಳ್ಳುವ ಮನುಷ್ಯ. ಮಗಳ ಮದುವೆಗೆಂದು ಡಿಸೆಂಬರಿನ ಕೊನೆಯ ವಾರ ರಜಾ ಹಾಕಿದ್ದ. ಬದಲಿಗೆ ಬರುವವನು ಎಲ್ಲಿಯವನೋ. ಚಿಕ್ಕಣ್ಣನ ಸಾವು ಆ ವಾರ ಬರಬೇಕು.

ಕೊನೆಗೆ ಉಳಿದದ್ದು ಸಾವಿನ ದಿನ. ದಿನ ಸುಮ್ಮನೆ ಬರೆದರೆ ಸುಳ್ಳು ಸುಳ್ಳಾಗಿಯೇ ಇರುತ್ತದೆ. ಜಗತ್ತಿಗೆ ಗೊತ್ತಿರುವ ಒಂದು ನಿಜಕ್ಕೆ ಅದನ್ನು ಕಟ್ಟಬೇಕು. ಅಕ್ಟೋಬರಿನಲ್ಲಿ ಒಂದು ಮಧ್ಯಾಹ್ನ ತರಗತಿಯಲ್ಲಿ ಪತ್ರಿಕೆಯನ್ನು ಗಟ್ಟಿಯಾಗಿ ಓದುವ ಸರದಿ ಅವಳದಾಗಿತ್ತು. ಮೂಲೆಯಲ್ಲಿ ನಾಲ್ಕು ಸಾಲು: ಸೆಪ್ಟೆಂಬರ್ ಇಪ್ಪತ್ತನಾಲ್ಕರಂದು ಟ್ರಿನಿಡಾಡಿನಲ್ಲಿ ಚುನಾವಣೆ, ಹೊಸ ಪಕ್ಷಕ್ಕೆ ಜಯ, ಬ್ರಿಟಿಷ್ ಗೌರ್ನರ ಕೆಳಗೆ ದ್ವೀಪದವರದೇ ಮುಖ್ಯಮಂತ್ರಿ, ಸ್ವಾತಂತ್ರ್ಯಕ್ಕೆ ದಾರಿ.

"ಎಲ್ಲಿಯದೋ ದ್ವೀಪ, ಬಿಡಿ ಅಕ್ಕಯ್ಯಮ್ಮ," ಅಂದಿದ್ದರು ಟೀಚರು. "ಅಕ್ಕಿ ಸುದ್ದಿ ಓದಿ."

ಅವಳು ಎರಡು ಸಲ ಓದಿದ್ದಳು. ಐವತ್ತೆರಡನೆಯ ಇಸವಿಯಲ್ಲಿ ಅವಳೂ ಸಾಲಲ್ಲಿ ನಿಂತು ಓಟು ಹಾಕಿ ಬಂದಿದ್ದಳು. ಗಂಡ ಹೆಂಡತಿ ಇಬ್ಬರೂ ಮಾಡಿದ ಒಂದೇ ಕೆಲಸ ಅಂತಿದ್ದರೆ ಅದೊಂದು.

ಬರೆದಳು. 'ಅಕ್ಕಯ್ಯಗೆ ತಿಳಿಸುವುದೇನೆಂದರೆ, ಸೆಪ್ಟೆಂಬರ್ ಇಪ್ಪತ್ತನಾಲ್ಕರಂದು ಇಲ್ಲಿ ದೊಡ್ಡ ಓಟು ನಡೆಯಿತು. ಇನ್ನು ದ್ವೀಪದವರೇ ಮುಖ್ಯಮಂತ್ರಿ. ಗೌರ್ನರು ಹೆಸರಿಗೆ ಇರುತ್ತಾನೆ. ಚಿಕ್ಕಣ್ಣ ಬೆಳಿಗ್ಗೆಯೇ ಹೋಗಿ ಓಟು ಹಾಕಿ ಬಂದ. ಮೆಟ್ಟಿಲ ಮೇಲೆ ಕೂತು ನೀರು ಕೇಳಿದ. ತರುವಷ್ಟರಲ್ಲಿ ಪ್ರಾಣ ಹೋಗಿತ್ತು. ದೊಡ್ಡಹನುಮಯ್ಯ.'

ಮೊದಲ ಪ್ರತಿಯಲ್ಲಿ 'ಹೋಗುವಾಗ ನಿನ್ನನ್ನು ನೆನೆದ' ಎಂದೊಂದು ಸಾಲಿತ್ತು. ತಿರುಗಿ ಓದಿದರೆ ಇಡೀ ಕಾಗದದಲ್ಲಿ ಅದೊಂದೇ ಸುಳ್ಳಾಗಿ ಎದ್ದು ಕಂಡಿತು. ಹಾಳೆ ಬದಲಿಸಿದಳು.

ಡಿಸೆಂಬರ್ ಇಪ್ಪತ್ತೇಳರಂದು ತರಗತಿಯಿಂದ ಬರುತ್ತ, ಹೊಸ ಟಪಾಲಿನವನು ರಸ್ತೆಯಲ್ಲೇ ಕೊಟ್ಟ ಎಂದು ಹೇಳಿ, ಲಕೋಟೆಯನ್ನು ಮುನಿರಾಜುವಿನ ಕೈಗಿಟ್ಟಳು. ಅವನು ಓದಿ ಹಾಳೆ ಮಡಿಸಿದ.

"ಸಾಯೋ ದಿನಾನೂ ಓಟಿನ ಮಾತೇ?"

"ಅವರು ಹಂಗೇ ಅಲ್ವೇನೋ."

"ಅಲ್ಲಿ ಗೌರ್ನರನ್ನ ಕಳಿಸ್ತಾವ್ರೆ, ನಮಗೆ ಹೋದ ತಿಂಗಳು ಮಹಾರಾಜರೇ ಗೌರ್ನರಾಗವ್ರೆ. ಗೊತ್ತಾಗಿದ್ದಿದ್ರೆ ದೊಡ್ಡಪ್ಪ ಇದಕ್ಕೂ ಒಂದು ಕಾಗದ ಹಾಕೋರು." ನಗಲು ಹೋಗಿ, ತಡೆದುಕೊಂಡು, ಟವೆಲಿನಿಂದ ಮುಖ ಒರೆಸಿಕೊಂಡ. ತಾನು ಒಮ್ಮೆಯೂ ನೋಡದ ದೊಡ್ಡಪ್ಪನಿಗೆ ಅವನು ಅಳುವುದನ್ನು ಅಕ್ಕಯ್ಯಮ್ಮ ನೋಡುತ್ತ ನಿಂತಳು.

ಹನ್ನೊಂದನೆಯ ದಿನದ ತಿಥಿಯನ್ನು ತಲೆ ಬೋಳಿಸಿಕೊಂಡು ಅವನೇ ಮಾಡಿದ. ಬಳೆ ಒಡೆಯಲು ಪಕ್ಕದ ಮನೆಯ ಬೋರಮ್ಮ ಬಂದಳು.

"ಅಳೇ ಅಕ್ಕಯ್ಯ. ಹೆಂಗಸರು ನೋಡ್ತಾವ್ರೆ."

"ಬರ್ತಾ ಇಲ್ಲ ಕಣೆ."

"ಒಳಗೆ ಹೋಗಿ ಈರುಳ್ಳಿನಾದ್ರೂ ಕುಯ್ಕೊಂಡು ಬಾ ಮತ್ತೆ."

ಕುಂಕುಮ ಒರೆಸಿದ ಜಾಗ ಮಿಕ್ಕ ಹಣೆಗಿಂತ ಬೆಳ್ಳಗಿತ್ತು. ಕನ್ನಡಿಯಲ್ಲಿ ಅದನ್ನೊಂದು ಸಲ ಮುಟ್ಟಿ ನೋಡಿದಳು. ಬರಲಿರುವ ಸೈಟಿನಲ್ಲಿ ಬಾಗಿಲು ಪೂರ್ವಕ್ಕೆ ಇಡಿಸಬೇಕು, ಒಳಗಿನಿಂದ ಹಾಕಿಕೊಳ್ಳುವ ಒಂದು ಗಟ್ಟಿ ಚಿಲಕ ಬೇಕು ಎಂದುಕೊಂಡಳು. ಯಾರಿಗೋ ಕಾಯುವ ಮನೆಗೆ ಇಷ್ಟು ವರ್ಷ ಚಿಲಕ ಹಾಕಿಸಿರಲಿಲ್ಲ.

ಜನವರಿ ಹದಿನೆಂಟರಂದು ಬಿಳಿ ಸೀರೆಯುಟ್ಟು ರಾಜಾಜಿನಗರದ ಕಚೇರಿಗೆ ಹೋದಳು. ಅಧಿಕಾರಿ ಪಂಚಾಕ್ಷರಿ ಎಂಬುವರು. ರಾಜ್ಯಗಳು ಒಂದಾದ ಮೇಲೆ ಧಾರವಾಡದ ಕಡೆಯಿಂದ ಬಂದವರು, ಹಣೆಯಲ್ಲಿ ವಿಭೂತಿ, ಮಾತು ಮೆತ್ತಗೆ. ಎದ್ದು ತಾವೇ ಕುರ್ಚಿ ಎಳೆದುಕೊಟ್ಟರು. ಮೇಜಿನ ಮೇಲೆ ಒಂದು ಫೈಲು ತೆರೆದಿತ್ತು, ಪೆನ್ನಿನ ಮುಚ್ಚಳ ತೆಗೆದಿತ್ತು.

"ನಿಮ್ಮ ಯಜಮಾನ್ರ ವಿಷಯ ಕೇಳೀನ್ರಿ ಯವ್ವಾ. ಹೇಳೂದು ಏನರ ಐತೇನ್ರಿ?"

"ಅವರು ತೀರ್ಕೊಂಡ್ರು ಸಾರ್. ಕಾಗದ ಬಂದಿದೆ."

ಅವರು ಲಕೋಟೆಯ ಹರಿದ ಮೂಲೆಯನ್ನು ನೋಡಿ ಏನೂ ಕೇಳಲಿಲ್ಲ. ಕಾಗದವನ್ನು ಬಿಡಿಸಿ ಓದಿದರು. ಅಕ್ಷರದ ಬಗ್ಗೆಯೂ ಕೇಳಲಿಲ್ಲ. ಅಂದುಕೊಂಡದ್ದೆಲ್ಲ ಅಂದುಕೊಂಡ ಹಾಗೆಯೇ ನಡೆಯುತ್ತಿತ್ತು. ಆ ಓಟಿನ ಸುದ್ದಿ ತಾವೂ ಪತ್ರಿಕೆಯಲ್ಲಿ ಓದಿದ್ದುಂಟು, ತಾರೀಖೂ ಸರಿಯಾಗೇ ಐತಿ ಅಂದರು. ಅಂದು, ಪೆನ್ನಿನ ಮುಚ್ಚಳ ಹಾಕಿದರು.

"ಛೇ, ಈ ಪತ್ರ ಬರದಿದ್ರ ನಿಮ್ಮ ಕೆಲಸ ಇವತ್ತ ಮುಗೀತಿತ್ತಲ್ರಿ ಯವ್ವಾ," ಎಂದರು ಪಂಚಾಕ್ಷರಿ, ನಿಜವಾದ ಮರುಕದಿಂದ. "ಏಳು ವರ್ಷ ಮನಿಮಂದಿಗೆ ಸುದ್ದಿನ ಇಲ್ಲದವರನ್ನ ಕಾಯ್ದೆ ಸತ್ತಾರಂತನ ಹಿಡೀತೈತ್ರಿ. ಅದಕ್ಕ ಯಾವ ಕಾಗದನೂ ಬೇಡ. ಹತ್ತು ವರ್ಷಾತು ಸುದ್ದಿ ಇಲ್ಲಂತ ನಿಮ್ಮ ಮೈದುನನ ಮಗ, ಪಟೇಲ್ರು, ಎಲ್ಲಾರೂ ಡಿಸೆಂಬರ್ ಮೊದಲನೇ ವಾರದಾಗ, ನೀವು ಮನಿಯಾಗ ಇಲ್ಲದಾಗ ವಿಚಾರಣೆಗೆ ಬಂದ ನಮ್ಮ ಗುಮಾಸ್ತಗ ಬರಕೊಟ್ಟಾರ. ಸೈಟು ನಿಮ್ಮ ಹೆಸರಿಗೆ ಮಾಡಿ ಆದೇಶ ಬರೆದು ಇಟ್ಟೀನಿ, ರುಜು ಒಂದ ಬಾಕಿ. ಈಗ ನೀವ ತಂದ ಪತ್ರ ಹೋದ ಸೆಪ್ಟೆಂಬರಿನಾಗ ಅವರು ನಡಕೊಂಡು ಹೋಗಿ ಓಟು ಹಾಕಿದ್ರು ಅಂತೈತಿ. ಅಂದಮ್ಯಾಲ ಏಳು ವರ್ಷ ಎಲ್ಲೈತ್ರಿ? ಇಲ್ಲಿಂದ ಎಣಿಸಿದ್ರ ಅರವತ್ತಮೂರಕ್ಕ ಬರತೈತಿ." ಸತ್ತರು ಎಂದೂ ಅದರಲ್ಲೇ ಇದೆಯಲ್ಲ ಸಾರ್ ಎಂದಳು ಅಕ್ಕಯ್ಯಮ್ಮ. ಅದಕ್ಕೆ ಆ ದ್ವೀಪದ ಸರ್ಕಾರದ ದಾಖಲೆ ಬೇಕು, ಸ್ನೇಹಿತರ ಕಾಗದ ನಡೆಯುವುದಿಲ್ಲ ಎಂದು ಅವರು ಹೇಳಿದರು. ಚಿಂತೆಯಿಲ್ಲ, ಸ್ವರಾಜ್ಯ ಬಂದ ಮೇಲೆ ಭಾರತ ಸರ್ಕಾರ ಅಲ್ಲಿ ಒಂದು ಕಮಿಷನರ ಕಚೇರಿ ತೆರೆದಿದೆ. ಅದರ ಮೂಲಕ ಕಳಿಸಿದರೆ ಅವರ ಆಳೇ ವಿಳಾಸಕ್ಕೆ ಹೋಗಿ, ಬಾಗಿಲು ಬಡಿದು, ಮನೆಯಲ್ಲಿ ಇದ್ದವರ ಕೈಗೆ ಕೊಟ್ಟು, ಉತ್ತರ ಬರೆಸಿಕೊಂಡು ಬರುತ್ತಾನೆ. ಹೆಂಡತಿ ಬರೆದರೆ ಬೇಗ ಉತ್ತರ ಬರುತ್ತದೆ, ಇಲ್ಲೇ ಬರೆದುಬಿಡಿ ಎಂದು ಹಾಳೆ, ಪೆನ್ನು ಮುಂದಿಟ್ಟರು. ನಲವತ್ತೈದು ವರ್ಷದಲ್ಲಿ ಬಂದ ನಾಲ್ಕು ಕಾಗದಕ್ಕೂ ಅವಳು ಉತ್ತರ ಹಾಕಿರಲಿಲ್ಲ. ಮೊದಲು ಬರೆಯಲು ಬರುತ್ತಿರಲಿಲ್ಲ, ಬಂದ ಮೇಲೆ ಬರೆಯುವುದು ಏನೂ ಇರಲಿಲ್ಲ. ಈಗ ತನ್ನ ದುಂಡನೆಯ ಅಕ್ಷರದಲ್ಲಿ, ನೀವು ಇದ್ದೀರೋ ಇಲ್ಲವೋ ತಿಳಿಸಿ ಎಂದು ಬರೆದು, ಅಕ್ಕಯ್ಯಮ್ಮ ಎಂದು ರುಜು ಹಾಕಿದಳು. ಜವಾನ ಅಂಟು ಹಚ್ಚಿ, ಸ್ಟ್ಯಾಂಪು ಒತ್ತಿ, ಕಚೇರಿಯ ಮೆಟ್ಟಿಲಿಳಿದು, ರಸ್ತೆಯಾಚೆಯ ಕೆಂಪು ಡಬ್ಬಿಗೆ ಅದನ್ನು ಹಾಕಿ ಬರುವುದನ್ನು ಕಿಟಕಿಯಿಂದ ನೋಡಿದಳು.