ಬಸ್ಸು ನಿಲ್ಲಿಸಿದ ನೂಲು

ಅರಕಲಗೂಡಿನಲ್ಲಿ ಬರೀ ನೂಲಿನಿಂದ ಬಸ್ಸು ನಿಲ್ಲಿಸಿದವಳು, ಮೂರು ಲೋಕ ಹುಡುಕಿದರೂ, ನೀಲಾಂಬಿಕೆ ಒಬ್ಬಳೇ.

ಎರಡನೇ ಮಹಾಯುದ್ಧದ ಕಾಲ. ಅಂಗಡಿಗಳಿಂದ ಮಿಲ್ ಬಟ್ಟೆ ಮಾಯವಾಗಿತ್ತು. ಒಂದೇ ಪಂಚೆ ಉಟ್ಟು ಏಳು ಜನ ಅಣ್ಣತಮ್ಮಂದಿರು ಸರದಿಯ ಮೇಲೆ ಸಂತೆಗೆ ಹೋಗುತ್ತಿದ್ದರು. ಆಗ ನೀಲಾಂಬಿಕೆ, ಅಟ್ಟದಲ್ಲಿ ಹದಿನೈದು ವರ್ಷ ಗೊರಕೆ ಹೊಡೆದಿದ್ದ ಅಜ್ಜನ ಮಗ್ಗವನ್ನು ಕೆಳಗಿಳಿಸಿದಳು. ಅವಳು ನೇಯ್ದ ಬಟ್ಟೆ ಎಷ್ಟು ನಯವೆಂದರೆ, ಕೂತ ನೊಣ ಜಾರಿಬಿದ್ದು ಸೊಂಟ ಉಳುಕಿಸಿಕೊಂಡಿತ್ತು!

ಒಂದು ಬೆಳಿಗ್ಗೆ ಅವಳು ಗಂಜಿ ಹಚ್ಚಿದ ನೂಲನ್ನು ಬೀದಿಯುದ್ದ ಬಿಗಿದು ಒಣಗಿಸುತ್ತಿದ್ದಾಗ, ಪೆಟ್ರೋಲ್ ಸಿಗದೆ ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದ ಹಾಸನದ ಬಸ್ಸು ಬಂದು ನಿಂತಿತು.

"ದಾರಿ ಬಿಡಮ್ಮ!" ಡ್ರೈವರ್ ಗೌರೀಶಂಕರ ಕೆಳಗಿಳಿದ.

"ಅಸಿ ನೂಲು ಎತ್ತಿದ್ರೆ ಎಳೆಗೆ ಎಳೆ ಅಂಟ್ಕತ್ತದೆ. ಒಣಗೋಗಂಟ ತಡೀರಿ."

"ಇದು ಬಸ್ಸು ಕಣಮ್ಮ! ಇಪ್ಪತ್ತು ಕುದ್ರೆ ಶಕ್ತಿ ಅದೆ."

"ಅಂಗಾರೆ ಕುದ್ರೆಗೋಳಿಗೆ ಒಸಿ ಉಲ್ಲು ಆಕಿ, ಸುಮ್ಕಿರ್ತವೆ."

ಒಳಗಿದ್ದ ಮಲ್ಲಿಪಟ್ಟಣದ ಲಕ್ಕಯ್ಯ ಕೂಗಿದ: "ಸೋತ್ಬುಟ್ಟೆ ಕಣ್ಲಾ! ಟವೆಲ್ ತಗಂಡು ಗಾಳಿ ಬೀಸು!"

ಗೌರೀಶಂಕರ ನಿಜವಾಗಿಯೂ ಬೀಸಿದ. ಮರುದಿನದಿಂದ ಅವನ ಪ್ರಶ್ನೆಗಳು ಶುರುವಾದವು. ಗಂಜಿ ಯಾಕೆ? ಗಂಜಿ ಸವರುವ ಕುಂಚ ಒಂದೇ ಕಡೆಗೆ ಎಳೆಯುವುದು ಯಾಕೆ? ಕೇಳುವುದು ಕುಂಚದ ಬಗ್ಗೆ, ನೋಡುವುದು ಅವಳ ಬಳೆಗಳನ್ನು.

ನೂಲಿಲ್ಲದ ದಿನವೂ ಬಸ್ಸು ನಿಲ್ಲತೊಡಗಿತು.

"ಇವತ್ತು ದಾರಿ ಖಾಲಿ ಅದಲ್ಲ?"

"ಎಂಜಿನ್ ಬಿಸಿ ಆಗ್ಯದೆ."

"ಎಂಜಿನ್ನಾ?" ಎಂದು ನೀಲಾಂಬಿಕೆ ಅವನ ಕೆಂಪಾದ ಕಿವಿಯನ್ನೇ ನೋಡಿದಳು.

ಅಷ್ಟರಲ್ಲಿ ಚನ್ನರಾಯಪಟ್ಟಣದ ಗಂಡಿನ ಕಡೆಯವರು ಹೇಳಿಕಳಿಸಿದರು: ಹುಡುಗಿ ಒಪ್ಪಿಗೆ, ಮಗ್ಗ ಬೇಡ, ಯುದ್ಧ ಮುಗಿದರೆ ಮಿಲ್ ಬಟ್ಟೆ ಬಂದೇ ಬರುತ್ತದೆ. ಅವಳಪ್ಪ ಪಂಚಾಕ್ಷರಯ್ಯ ಸೋಮವಾರ ಮಾತು ಕೊಡುವವರಿದ್ದರು.

ಅವಳು ಗೌರೀಶಂಕರನಿಗೆ ಅದನ್ನು ತಿಳಿಸಿ, ನೇರವಾಗಿ ಹೇಳಿದಳು. "ನಾ ಎಲ್ಲಿರ್ತೀನೋ ಮಗ್ಗ ಅಲ್ಲೇ. ಇದು ಗುಂಡಿ ಮಗ್ಗ. ಕಾಲು ಇಳಿಬಿಟ್ಟು ಕೂರಕ್ಕೆ ಮನೆ ಒಳಗೇ ನೆಲ ಅಗೀಬೇಕು."

ಅವನ ಮುಖ ಇಳಿಯಿತು. ಅವರ ಜನರಲ್ಲಿ ಗುಂಡಿ ತೋಡಿ ಕೂರಿಸಿ ಹೂಳುವುದು ಸತ್ತವರನ್ನು. ನಡುಮನೆಯಲ್ಲಿ ಗುಂಡಿ ಎಂದರೆ ಅವನ ತಾಯಿ ಕಮಲಾಕ್ಷಮ್ಮ ಸುಮ್ಮನಿದ್ದಾರೆಯೇ?

ಮರುದಿನ ಬಸ್ಸು ಓಡಿಸಿದವನು ಬೇರೆ ಯಾರೋ. ಅದರ ಮರುದಿನವೂ. ನೀಲಾಂಬಿಕೆಯ ಮಗ್ಗದಲ್ಲಿ ಎಳೆ ದಿನಕ್ಕೆ ಸಾವಿರ ಸಲ ಕಡಿದುಹೋಯಿತು.

ಭಾನುವಾರ ಗೌರೀಶಂಕರ ಬಂದ. ಮೊಣಕಾಲಿನವರೆಗೆ ಮಣ್ಣು, ಅಂಗೈ ತುಂಬ ಬೊಬ್ಬೆ.

"ಅವ್ವ ಮೂರು ದಿನ ಉಣ್ಣಲಿಲ್ಲ. 'ಮನೆ ಒಳಗೆ ಯಾರನ್ನ ಕೂರ್ಸಕ್ಲಾ ಗುಂಡಿ?' ಅಂದ್ಲು."

"ನೀವೇನಂದ್ರಿ?"

"ನಿನ್ ಸೊಸೇನ ಅಂದೆ."

ಅವಳು ಹೊಸಿಲು ದಾಟಿ ಹೊರಬಂದಳು.

"ಇವತ್ತು ಅವ್ವನೇ ಗುದ್ಲಿ ಕಿತ್ಕಂಡು, 'ಎಷ್ಟು ಆಳ ಅಂತ ಕೇಳ್ಕಬಾ ಓಗು' ಅಂದ್ಲು."

ನೀಲಾಂಬಿಕೆ ಒಂದೆಳೆ ನೂಲು ತೆಗೆದು, ಜಗಲಿಯ ಮೇಲೆ ಕೂತು, ಮಂಡಿಯಿಂದ ಹಿಮ್ಮಡಿಯವರೆಗೆ ಅಳೆದು, ಹಲ್ಲಿನಲ್ಲಿ ಕಡಿದು ಅವನ ಬೊಬ್ಬೆಯ ಅಂಗೈಯಲ್ಲಿಟ್ಟಳು.

"ನಿಮ್ಮಪ್ಪನ್ನ ಕೇಳ್ಬೇಕಲ್ವಾ?" ಅವನು ನೂಲಿನ ಮೇಲೆ ಬೆರಳು ಮಡಚಿದ.

"ಅಳ್ತೆ ಕೊಟ್ಟಾಯ್ತಲ್ಲ," ಅವಳು ಎದ್ದು ಒಳಗೆ ಹೊರಟಳು. "ಅಪ್ಪಂಗೆ ನಾ ಯೋಳ್ತೀನಿ. ನೀವು ಅಗೀರಿ, ಓಗಿ."